ಗೊತ್ತಿರುವ ದೋಷದೊಂದಿಗೇ ರಿಲೀಸ್: ಸಹಿ ಹಾಕುವ ಎಂಜಿನಿಯರ್ ಹೊಣೆ ಎಲ್ಲಿಯವರೆಗೆ?

ನೀಲಿಪರದೆ (ಪ್ರಶ್ನೆ)

ಒಂದು ಸನ್ನಿವೇಶವನ್ನು ಕಲ್ಪಿಸಿಕೊಂಡೇ ಕೇಳುತ್ತೇನೆ. ಬರೀ 'ನೀತಿ ಮುಖ್ಯವೇ?' ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತೇವೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲಿ ಬಳಸುವ ತಂತ್ರಾಂಶ. ರೋಗಿಯ ತೂಕ ತೆಗೆದುಕೊಂಡು, ಕೆಜಿಗೆ ಇಷ್ಟು ಮಿಲಿಗ್ರಾಂ ಎಂಬ ಸೂತ್ರದಲ್ಲಿ ಔಷಧದ ಪ್ರಮಾಣ ತೋರಿಸುತ್ತದೆ. ಇಬ್ಬರು ರೋಗಿಗಳ ಪುಟಗಳನ್ನು ತೆರೆದಿಟ್ಟು ಬೇಗಬೇಗ ಒಂದರಿಂದ ಇನ್ನೊಂದಕ್ಕೆ ಹೋದರೆ, ಕೆಲವು ಸಲ ಹೊಸ ರೋಗಿಯ ಹೆಸರಿನ ಕೆಳಗೆ ಹಿಂದಿನ ರೋಗಿಯ ತೂಕವೇ ಉಳಿಯುತ್ತದೆ. 70 ಕೆಜಿಯ ವಯಸ್ಕರ ಪುಟದಿಂದ 14 ಕೆಜಿಯ ಮಗುವಿನ ಪುಟಕ್ಕೆ ಬಂದರೆ ಪ್ರಮಾಣ ಐದು ಪಟ್ಟು. ಇದೇ ಕ್ರಮವನ್ನು 400 ಸಲ ಓಡಿಸಿದಾಗ 3 ಸಲ ಹೀಗಾಗಿದೆ. ತೂಕ ಕೇಳಿ ಸರ್ವರ್‌ಗೆ ಹೋಗುವ ಎರಡು ಕರೆಗಳಲ್ಲಿ (ಕೋರಿಕೆಗಳಲ್ಲಿ) ಹಳೆಯದರ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂರುತ್ತಿದೆ ಎಂಬ ಗುಮಾನಿ ಇದೆ, ದೃಢಪಟ್ಟಿಲ್ಲ.

ರಿಲೀಸ್ ದಿನಾಂಕವನ್ನು ಗ್ರಾಹಕರಿಗೆ ಕೊಟ್ಟಾಗಿದೆ. ಮ್ಯಾನೇಜರ್ ಹೇಳುವುದು: 'ಈಗ ಬಿಡೋಣ, ಮುಂದಿನ ಪ್ಯಾಚ್‌ನಲ್ಲಿ ಸರಿಮಾಡೋಣ. ಎರಡು ಪುಟ ಒಟ್ಟಿಗೆ ತೆರೆಯಬೇಡಿ ಎಂದು ಬಳಕೆದಾರರ ಕೈಪಿಡಿಯಲ್ಲಿ ಒಂದು ಸಾಲು ಹಾಕಿದರೆ ಸಾಕು.' ರಿಲೀಸ್ ಚೆಕ್‌ಲಿಸ್ಟ್‌ನಲ್ಲಿ ಎಂಜಿನಿಯರ್ ಸಹಿಗೆ ಜಾಗವಿದೆ.

ಆ ಎಂಜಿನಿಯರ್ ಏನು ಮಾಡಬೇಕು? ಬರೆದು ತಿಳಿಸುವುದಾದರೆ ಏನನ್ನು, ಯಾರಿಗೆ? ಕೈಪಿಡಿಯ ಸಾಲು ಸಾಕೇ? ಮೇಲಿನವರು ಒಪ್ಪದಿದ್ದರೆ ಅಲ್ಲಿಗೆ ಹೊಣೆ ಮುಗಿಯಿತೇ?

ಪರೀಕ್ಷಕಿ

ಮೊದಲು ಆ ಸಂಖ್ಯೆಯನ್ನು ಸರಿಯಾಗಿ ಓದಬೇಕು. ಇಂಥ ಸಂದರ್ಭದಲ್ಲಿ ತಪ್ಪು ನಿರ್ಧಾರಗಳು ಕೆಟ್ಟ ಮನಸ್ಸಿನಿಂದ ಬರುವುದಕ್ಕಿಂತ ಹೆಚ್ಚಾಗಿ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳುವುದರಿಂದ ಬರುತ್ತವೆ.

400ಕ್ಕೆ 3 ಎಂದರೆ ಶೇ. 0.75. ಈ ದರದ ದೋಷವನ್ನು ಯಾರಾದರೂ ಕೈಯಾರೆ 20 ಸಲ ಪ್ರಯತ್ನಿಸಿದರೆ ಒಮ್ಮೆಯೂ ಕಾಣದೇ ಹೋಗುವ ಸಂಭವ ಶೇ. 86. 100 ಸಲ ಪ್ರಯತ್ನಿಸಿದರೂ ಶೇ. 47. ಹಾಗಾಗಿ 'ನನ್ನ ಮೆಷಿನ್‌ನಲ್ಲಿ ಬರುತ್ತಿಲ್ಲ' ಎಂದು ಟಿಕೆಟ್ (ದೋಷದ ದೂರುದಾಖಲೆ) ಮುಚ್ಚುವುದಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ. ಸರಿಮಾಡಿದ ಮೇಲೂ ಇದೇ ಕಥೆ. ಏನನ್ನೂ ಸರಿಮಾಡದೆ 400 ಸಲ ಓಡಿಸಿದರೂ ಎಲ್ಲ ಓಟಗಳೂ ಪಾಸಾಗುವ ಸಂಭವ ಸುಮಾರು ಶೇ. 5 ಇದೆ. ಪರೀಕ್ಷೆಯವರು ಬಳಸುವ ಒಂದು ಸುಲಭ ಲೆಕ್ಕ: n ಎನ್ನುವಷ್ಟು ಓಟಗಳಲ್ಲಿ ಒಂದೂ ದೋಷ ಕಾಣದಿದ್ದರೆ, ನಿಜವಾದ ದರ ಹೆಚ್ಚೆಂದರೆ 3 ಭಾಗಿಸು n ಎಂದು ಶೇ. 95 ವಿಶ್ವಾಸದಲ್ಲಿ ಹೇಳಬಹುದು, ಅದಕ್ಕಿಂತ ಕಡಿಮೆಯ ಮಿತಿಯನ್ನು ಹೇಳಲಾಗದು. '10,000ಕ್ಕೆ ಒಂದಕ್ಕಿಂತ ಕಡಿಮೆ' ಎನ್ನಬೇಕಾದರೆ 30,000 ಓಟ ಒಂದೂ ದೋಷವಿಲ್ಲದೆ ಮುಗಿಯಬೇಕು. ಓಟಕ್ಕೆ 2 ಸೆಕೆಂಡ್ ಹಿಡಿದರೂ ಒಂದು ಮೆಷಿನ್‌ಗೆ 17 ಗಂಟೆಯೊಳಗಿನ ಕೆಲಸ. ಅಷ್ಟು ಸಮಯವಿಲ್ಲ ಎನ್ನುವ ಮಾತನ್ನು ಒಪ್ಪುವುದು ಕಷ್ಟ.

ಆದರೆ ಓಟದ ಸಂಖ್ಯೆ ಹೆಚ್ಚಿಸುವುದಕ್ಕಿಂತ ಒಳ್ಳೆಯ ದಾರಿ ಗುಮಾನಿಯನ್ನೇ ಪರೀಕ್ಷಿಸುವುದು. ಟೆಸ್ಟ್ ಸರ್ವರ್‌ನಲ್ಲಿ ಮೊದಲ ರೋಗಿಯ ತೂಕದ ಉತ್ತರವನ್ನು ಬೇಕೆಂದೇ 500 ಮಿಲಿಸೆಕೆಂಡ್ ತಡೆಹಿಡಿಯಿರಿ, ಎರಡನೆಯದನ್ನು ತಕ್ಷಣ ಬಿಡಿ. ಗುಮಾನಿ ಸರಿಯಾಗಿದ್ದರೆ ದೋಷ 400ಕ್ಕೆ 3 ಅಲ್ಲ, ಪ್ರತಿ ಸಲವೂ ಬರುತ್ತದೆ. ಆಗ ಇದು ರೇಸ್ ಕಂಡಿಷನ್, ಅಂದರೆ ಯಾವ ಉತ್ತರ ಮೊದಲು ಬರುತ್ತದೆ ಎಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ, ಎಂದು ಖಚಿತ. ದುರಸ್ತಿಯೂ ಚಿಕ್ಕದು: ಪ್ರತಿ ಕರೆಗೂ ರೋಗಿಯ ಐಡಿ ಮತ್ತು ಕ್ರಮಸಂಖ್ಯೆ ಕಟ್ಟಿ, ಉತ್ತರ ಬಂದಾಗ ಅದು ಈಗ ತೆರೆದಿರುವ ಪುಟದ್ದಲ್ಲದಿದ್ದರೆ ಎಸೆಯಬೇಕು. ಈ ಪರೀಕ್ಷೆಗೆ ಅರ್ಧ ದಿನ ಸಾಕು. ಈ ಅರ್ಧ ದಿನವನ್ನು ಕೇಳದೆ ಸಹಿ ಹಾಕಿದರೆ, ಅಥವಾ ಕೇಳದೆ ಸಹಿ ನಿರಾಕರಿಸಿದರೆ, ಎರಡೂ ಅರೆಬರೆ ಕೆಲಸ.

ಬರೆದು ತಿಳಿಸುವುದರ ಬಗ್ಗೆ. ಟಿಕೆಟ್‌ನಲ್ಲಿ 'ಕೆಲವು ಸಂದರ್ಭಗಳಲ್ಲಿ ಡೇಟಾ ಹೊಂದಾಣಿಕೆಯ ಸಮಸ್ಯೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

'ರೋಗಿಯ ಪುಟ ಬದಲಿಸಿದಾಗ ಹಿಂದಿನ ರೋಗಿಯ ತೂಕ ಉಳಿಯುತ್ತದೆ. 400 ಓಟದಲ್ಲಿ 3. ಪರಿಣಾಮ: 14 ಕೆಜಿಯ ಮಗುವಿಗೆ 70 ಕೆಜಿಯ ಪ್ರಮಾಣ ತೋರಿಸಬಹುದು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ನರ್ಸ್‌ಗೆ ಗೊತ್ತಾಗುವ ದಾರಿ ಇಲ್ಲ. ಕಾರಣ ದೃಢಪಟ್ಟಿಲ್ಲ. ದೃಢಪಡಿಸಲು ಅರ್ಧ ದಿನ, ಸರಿಮಾಡಿ ಪರೀಕ್ಷಿಸಲು 3 ದಿನ ಬೇಕು. ಅಲ್ಲಿಯವರೆಗೆ ಈ ಫೀಚರ್ ಬಿಡುಗಡೆಗೆ ಯೋಗ್ಯವಲ್ಲ ಎಂಬುದು ನನ್ನ ಅಭಿಪ್ರಾಯ.'

ಹಾನಿ ಯಾರಿಗೆ, ಎಷ್ಟು, ಕಣ್ಣಿಗೆ ಬೀಳುತ್ತದೆಯೇ, ಏನು ಗೊತ್ತಿಲ್ಲ, ಎಷ್ಟು ಸಮಯ ಬೇಕು. ಈ ಐದೂ ಇದ್ದರೆ ಓದಿದವರು 'ನನಗೆ ಇಷ್ಟು ಗಂಭೀರ ಎಂದು ಗೊತ್ತಿರಲಿಲ್ಲ' ಎನ್ನಲು ಬರುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದರೆ ಅದೇ ದಿನ ಒಂದು ಮೇಲ್ ಹಾಕಿ: 'ಇಂದು ಮಾತಾಡಿದ್ದು ಇಷ್ಟು, ತಪ್ಪಿದ್ದರೆ ತಿದ್ದಿ.'

ಹಳೆಯತಂತಿ

ಕೈಪಿಡಿಯ ಸಾಲಿನ ಬಗ್ಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಈ ಉಪಾಯವನ್ನು ಹಿಂದೆ ಒಮ್ಮೆ ಬಹುಪಾಲು ಹೀಗೆಯೇ ಮಾಡಿ ನೋಡಲಾಗಿದೆ.

ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ. ಕೆನಡಾದ ಸರ್ಕಾರಿ ಪರಮಾಣು ಕಂಪನಿ ಎಇಸಿಎಲ್ ತಯಾರಿಸಿದ್ದು. 1985ರ ಜೂನ್‌ನಿಂದ 1987ರ ಜನವರಿಯೊಳಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅತಿಯಾದ ವಿಕಿರಣ ಬಿತ್ತು, ಕೆಲವರು ಸತ್ತರು. ಹಿಂದಿನ ಮಾದರಿ ಥೆರಾಕ್-20ರಲ್ಲಿ ತಪ್ಪು ಜೋಡಣೆಯಾದರೆ ಕಿರಣವನ್ನು ತಡೆಯುವ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳಿದ್ದವು. 25ರಲ್ಲಿ ಅವನ್ನು ತೆಗೆದು ಆ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿದರು.

ಟೆಕ್ಸಾಸ್‌ನ ಟೈಲರ್‌ನಲ್ಲಿ 1986ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಆದದ್ದು ನಿಮ್ಮ ಸನ್ನಿವೇಶಕ್ಕೆ ತೀರಾ ಹತ್ತಿರ. ಆಪರೇಟರ್ ಚಿಕಿತ್ಸೆಯ ಬಗೆಯನ್ನು ತಪ್ಪಾಗಿ ಟೈಪ್ ಮಾಡಿ, ಕರ್ಸರ್ ಮೇಲಕ್ಕೆ ಒಯ್ದು ಬೇಗ ತಿದ್ದಿದರು. ಆಗ ಒಳಗೆ ಅಯಸ್ಕಾಂತಗಳು ಹೊಂದಿಕೊಳ್ಳುತ್ತಿದ್ದವು. ಅದಕ್ಕೆ ಸುಮಾರು 8 ಸೆಕೆಂಡ್ ಬೇಕು. ಆ 8 ಸೆಕೆಂಡಿನೊಳಗೆ ಆದ ತಿದ್ದುಪಡಿ ಪರದೆಯ ಮೇಲೆ ಕಂಡಿತು, ಯಂತ್ರದ ಒಳಗಿನ ಜೋಡಣೆಗೆ ಪೂರ್ತಿ ತಲುಪಲಿಲ್ಲ. ಮಾರ್ಚ್‌ನ ರೋಗಿಗೆ 180 ರ‍್ಯಾಡ್ (ವಿಕಿರಣದ ಅಳತೆ) ಕೊಡಬೇಕಿತ್ತು. ಬಿದ್ದದ್ದು 16,500ರಿಂದ 25,000 ರ‍್ಯಾಡ್ ಎಂದು ನಂತರ ಅಂದಾಜಿಸಿದರು. ಪರದೆಯಲ್ಲಿ ಬಂದ ಸಂದೇಶ 'ಮಾಲ್‌ಫಂಕ್ಷನ್ 54' ಎಂದಷ್ಟೇ. ಅದರ ಅರ್ಥ ಆಪರೇಟರ್‌ಗೆ ತಿಳಿಯುವಂತಿರಲಿಲ್ಲ. ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆಪರೇಟರ್ ಇಬ್ಬರೂ ಕೂತು ಟೈಪಿಂಗ್ ವೇಗ ಹೆಚ್ಚಿಸುತ್ತಾ ಹೋಗಿ ದೋಷವನ್ನು ಮತ್ತೆ ಬರಿಸಿದರು. ಪಳಗಿದ ಆಪರೇಟರ್ ಬೇಗ ಟೈಪ್ ಮಾಡುತ್ತಾರೆ, ಪರೀಕ್ಷಿಸುವವರು ನಿಧಾನಕ್ಕೆ ಮಾಡುತ್ತಾರೆ. ನಿಧಾನಕ್ಕೆ ಮಾಡಿದವರಿಗೆ ಅದು ಕಾಣುವುದೇ ಇಲ್ಲ.

ಆಗ ಕಂಪನಿ ಆಸ್ಪತ್ರೆಗಳಿಗೆ ಕೊಟ್ಟ ತಾತ್ಕಾಲಿಕ ಸೂಚನೆ ಏನು ಗೊತ್ತೇ? ಕರ್ಸರ್ ಮೇಲೆ ಒಯ್ಯುವ ಕೀಲಿಯ ಮುಚ್ಚಳ ಕಿತ್ತು, ಒಳಗಿನ ಸ್ವಿಚ್‌ಗೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ ಎಂದು. ದೋಷವೇನು, ಅಪಾಯವೇನು ಎಂಬುದನ್ನು ಆ ಪತ್ರ ಸರಿಯಾಗಿ ಹೇಳಿರಲಿಲ್ಲ. ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ) ಅದು ಸಾಲದು ಎಂದಿತು. ಮುಂದೆ 1987ರ ಜನವರಿಯಲ್ಲಿ ಅಮೆರಿಕದ ಯಾಕಿಮಾದಲ್ಲಿ ಆದ ಅನಾಹುತಕ್ಕೆ ಕಾರಣ ಬೇರೆಯೇ ದೋಷ: 0ಯಿಂದ 255ರವರೆಗೆ ಮಾತ್ರ ಹಿಡಿಯುವ ಒಂದು ಬೈಟ್‌ನ ಎಣಿಕೆ ಪ್ರತಿ 256ನೇ ಸಲ ಸೊನ್ನೆಗೆ ಮರಳುತ್ತಿತ್ತು, ಸೊನ್ನೆ ಎಂದರೆ 'ಪರೀಕ್ಷೆ ಬೇಡ' ಎಂದರ್ಥ. ಒಂದು ಬಗ್ ಮುಚ್ಚಿದರೆ ಯಂತ್ರ ಸುರಕ್ಷಿತವಾಯಿತು ಎಂದು ನಂಬಿದ್ದು ದೊಡ್ಡ ತಪ್ಪು.

ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಗೆ ಇರುವ ಐಎಸ್‌ಒ 14971 ಮಾನದಂಡ ಒಂದು ಕ್ರಮ ಹೇಳುತ್ತದೆ. ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಿರಿ. ಆಗದಿದ್ದರೆ ತಡೆ ಹಾಕಿ. ಸೂಚನೆ ಬರೆಯುವುದು ಕೊನೆಯದು. ನಿಮ್ಮ ಮ್ಯಾನೇಜರ್ ಮೊದಲ ಎರಡನ್ನೂ ಬಿಟ್ಟು ನೇರ ಮೂರನೆಯದಕ್ಕೆ ಹೋಗಿದ್ದಾರೆ. ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡುವ ನರ್ಸ್ ಎರಡು ಪುಟ ತೆರೆಯುವುದು ಕೆಲಸದ ಅಗತ್ಯಕ್ಕೆ. ಕೈಪಿಡಿಯ ಸಾಲು ಮಾಡುವುದಿಷ್ಟೇ: ಮುಂದೆ ಏನಾದರೂ ಆದರೆ ತಪ್ಪನ್ನು ಅವರ ಮೇಲೆ ಹೊರಿಸಲು ಅನುಕೂಲ ಮಾಡಿಕೊಡುತ್ತದೆ. ಇದು ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು. ವೈದ್ಯಕೀಯ ತಂತ್ರಾಂಶದ ಐಇಸಿ 62304 ಮಾನದಂಡದಲ್ಲಿ ಸುರಕ್ಷತೆಯ ವರ್ಗ ನಿರ್ಧರಿಸುವಾಗ ತಂತ್ರಾಂಶ ಕೆಡುವ ಸಂಭವವನ್ನು 1 ಎಂದೇ ಹಿಡಿಯಬೇಕು. 'ಶೇ. 0.75 ಅಷ್ಟೇ' ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಬಿಡುಗಡೆಕಾವಲು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ರಿಲೀಸ್ ನೋಡಿಕೊಳ್ಳುವವರ ಕಡೆಯಿಂದ ಒಂದು ಮಾತು. ಪ್ರತಿ ಬಗ್ ಹಿಡಿದುಕೊಂಡೂ ನೀತಿಯ ಪ್ರಶ್ನೆ ಎತ್ತಿದರೆ, ನಿಜವಾಗಿ ಎತ್ತಬೇಕಾದ ದಿನ ಯಾರೂ ಕೇಳುವುದಿಲ್ಲ. ಬಟನ್ ಬಣ್ಣ ತಪ್ಪಿದ್ದು, ವರದಿ 10 ಸೆಕೆಂಡ್ ತಡವಾಗಿದ್ದು, ಇವನ್ನು ಗೊತ್ತಿದ್ದೇ ಬಿಡುಗಡೆ ಮಾಡುವುದು ನ್ಯಾಯವಾದ ಕೆಲಸವೇ. ಬಳಸುವವರಿಗೆ ದೋಷ ಕಣ್ಣಿಗೆ ಬೀಳುತ್ತದೆಯೇ, ಬಿದ್ದಮೇಲೆ ಸರಿಪಡಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ. ನಿಮ್ಮ ಸನ್ನಿವೇಶದಲ್ಲಿ ಎರಡಕ್ಕೂ ಉತ್ತರ 'ಇಲ್ಲ' ಎಂದೇ. ಆದ್ದರಿಂದ ಇದು ತಡೆಯಬೇಕಾದ ದೋಷ.

ಹಾಗೆಂದು 'ಬಿಡು' ಮತ್ತು 'ಬಿಡಬೇಡ' ಎಂಬ ಎರಡೇ ದಾರಿಯಲ್ಲ. ಮ್ಯಾನೇಜರ್ ಮುಂದೆ ಬರೀ 'ಆಗಲ್ಲ' ಎಂದು ನಿಂತರೆ ಜಗಳವಾಗುತ್ತದೆ. ದಾರಿಗಳನ್ನು ಬರೆದುಕೊಂಡು ಹೋದರೆ ಮಾತುಕತೆಯಾಗುತ್ತದೆ.

ಎಲ್ಲಕ್ಕಿಂತ ಸುಲಭದ್ದು, ಪ್ರಮಾಣ ತೋರಿಸುವ ಭಾಗವನ್ನು, ಆನ್-ಆಫ್ ಮಾಡುವ ಸ್ವಿಚ್‌ನಂತಿರುವ ಫೀಚರ್ ಫ್ಲ್ಯಾಗ್‌ನಿಂದ ಆಫ್ ಮಾಡಿ ಉಳಿದದ್ದನ್ನು ಹೇಳಿದ ದಿನವೇ ಬಿಡುವುದು. ಗ್ರಾಹಕರಿಗೆ ಕಾರಣವನ್ನು ಇದ್ದ ಹಾಗೆ ಹೇಳಬೇಕು. ಅದಾಗದಿದ್ದರೆ ಎರಡನೇ ಪುಟ ತೆರೆಯುವುದನ್ನೇ ತಂತ್ರಾಂಶದಲ್ಲಿ ತಡೆಯುವುದು. ಕೈಪಿಡಿಯಲ್ಲಿ 'ತೆರೆಯಬೇಡಿ' ಎನ್ನುವುದು ಬೇರೆ, ತೆರೆಯಲು ಆಗದಂತೆ ಮಾಡುವುದು ಬೇರೆ. ಇದೂ ತಾತ್ಕಾಲಿಕ ಮಾತ್ರ, ಏಕೆಂದರೆ ಒಂದೇ ಪುಟದಲ್ಲಿ ರೋಗಿಯನ್ನು ಬೇಗ ಬದಲಿಸಿದಾಗಲೂ ಇದೇ ರೇಸ್ ಬರಬಹುದು. ಅದನ್ನು ಪರೀಕ್ಷಿಸದೆ ಈ ದಾರಿ ಹಿಡಿಯಬೇಡಿ.

ಮೂರನೆಯದು ಕಾವಲು ಲೆಕ್ಕ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. 'ಕೆಜಿಗೆ ಇಷ್ಟಕ್ಕಿಂತ ಹೆಚ್ಚಾದರೆ ತಡೆ' ಎಂಬ ಮಿತಿ ಹಾಕುತ್ತಾರೆ. ಆದರೆ ಆ ಮಿತಿಯೂ ಪರದೆಯಲ್ಲಿರುವ ಅದೇ ತಪ್ಪು ತೂಕದಿಂದಲೇ ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ: 70 ಕೆಜಿಗೆ 70 ಕೆಜಿಯ ಪ್ರಮಾಣ. ಕಾವಲು ಕಾಯುವ ಕೋಡ್ ದೋಷವಿರುವ ದಾರಿಯಲ್ಲೇ ನಡೆಯಬಾರದು. ಪ್ರಮಾಣ ತೋರಿಸುವ ಕ್ಷಣದಲ್ಲಿ ರೋಗಿಯ ಐಡಿ ಹಿಡಿದು ಡೇಟಾಬೇಸ್‌ನಿಂದ ತೂಕವನ್ನು ಮತ್ತೆ ಓದಿ, ಪರದೆಯ ತೂಕದೊಂದಿಗೆ ಹೋಲಿಸಿ. ಹೊಂದದಿದ್ದರೆ ಎಚ್ಚರಿಕೆಯ ಜೊತೆ ಸಂಖ್ಯೆ ತೋರಿಸಬೇಡಿ, ಸಂಖ್ಯೆಯನ್ನೇ ತೋರಿಸಬೇಡಿ. ದಿನವಿಡೀ ಎಚ್ಚರಿಕೆಗಳನ್ನು ಒತ್ತಿ ದಾಟುವ ಅಭ್ಯಾಸವಾದವರು ಇದನ್ನೂ ದಾಟುತ್ತಾರೆ.

ಹಂತಹಂತದ ರಿಲೀಸ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ: 'ಮೊದಲು ಒಂದೇ ವಾರ್ಡಿಗೆ ಬಿಟ್ಟು ನೋಡೋಣ' ಎನ್ನುವುದು ಆನ್‌ಲೈನ್ ಅಂಗಡಿಯ ಪುಟಕ್ಕೆ ಸರಿ. ಇಲ್ಲಿ ಗೊತ್ತಿರುವ ಅಪಾಯವನ್ನು ಆ ವಾರ್ಡಿನ ರೋಗಿಗಳ ಮೇಲೆ, ಅವರಿಗೆ ತಿಳಿಸದೆ, ಪ್ರಯೋಗ ಮಾಡಿದಂತೆ. ದಿನಕ್ಕೆ 40 ಸಲ ಈ ಕ್ರಮ ನಡೆಯುವ ವಾರ್ಡ್ ಎಂದುಕೊಳ್ಳಿ, ದರ ಪರೀಕ್ಷೆಯಲ್ಲಿ ಕಂಡಷ್ಟೇ ಇದ್ದರೆ ಮೂರು ದಿನಕ್ಕೊಮ್ಮೆ ತಪ್ಪು ತೂಕ.

ಉಳಿದ ಅಪಾಯವನ್ನು ಒಪ್ಪಿಕೊಳ್ಳುವ ಸಹಿ ಯಾರದು? ಅದು ಕೋಡ್ ಬರೆದವರದಲ್ಲ. ಎಂಜಿನಿಯರ್ ಸಹಿ ಹೇಳುವುದು 'ನನಗೆ ತಿಳಿದ ಸ್ಥಿತಿ ಇದು' ಎಂದು. ಅಪಾಯ ಒಪ್ಪಿಕೊಳ್ಳುವ ಅಧಿಕಾರ ಇರುವವರು ಬೇರೆ, ಮತ್ತು ಇಲ್ಲಿ ವೈದ್ಯಕೀಯ ಕಡೆಯ ಒಬ್ಬರು ಅದರಲ್ಲಿ ಇರಲೇಬೇಕು. ಚೆಕ್‌ಲಿಸ್ಟ್‌ನಲ್ಲಿ ಎರಡಕ್ಕೂ ಒಂದೇ ಗೆರೆ ಇದ್ದರೆ ಅದನ್ನು ಎರಡು ಮಾಡಿ ಎಂದು ಇಂದೇ ಕೇಳಿ.

ನೀಲಿಪರದೆ

ತುಂಬಾ ಉಪಯೋಗವಾಯಿತು. ಒಂದು ಮರುಪ್ರಶ್ನೆ. ರಿಲೀಸ್ ವ್ಯವಸ್ಥೆಯಲ್ಲಿ ಸಿವಿಯಾರಿಟಿ 1 (ಅತಿ ಗಂಭೀರ) ಇರುವ ಟಿಕೆಟ್ ತೆರೆದಿದ್ದರೆ ಬಿಲ್ಡ್ (ಬಿಡುಗಡೆಗೆ ಸಿದ್ಧಮಾಡಿದ ಆವೃತ್ತಿ) ಮುಂದೆ ಹೋಗುವುದಿಲ್ಲ ಎಂದುಕೊಳ್ಳಿ. ಮ್ಯಾನೇಜರ್ 'ಸದ್ಯಕ್ಕೆ 3 ಮಾಡು, ಜವಾಬ್ದಾರಿ ನನ್ನದು' ಎಂದರೆ? ಅಂಥ ಮಾತಿನ ಮೇಲೆ ನಡೆದವರಿಗೆ ರಕ್ಷಣೆ ಇದೆಯೇ?

ಕಪ್ಪುಮಸಿ

ಸಿವಿಯಾರಿಟಿ ಬದಲಿಸಬೇಡಿ. ಅದು ಹಾನಿಯ ಅಳತೆ. ಯಾವಾಗ ಸರಿಮಾಡಬೇಕು ಎನ್ನುವುದಕ್ಕೆ ಪ್ರಯಾರಿಟಿ ಎಂಬ ಬೇರೆ ಕಾಲಂ ಇದೆ. ದಿನಾಂಕ ಹತ್ತಿರ ಬಂದಿತೆಂದು ಮಗುವಿಗಾಗುವ ಹಾನಿ ಕಡಿಮೆಯಾಗುವುದಿಲ್ಲ. ತಡೆಯನ್ನು ದಾಟಲೇಬೇಕೆಂದು ಮೇಲಿನವರು ನಿರ್ಧರಿಸಿದರೆ, ವಿನಾಯಿತಿ ಎಂದು ದಾಖಲಿಸಿ ತಮ್ಮ ಹೆಸರಿನಲ್ಲೇ, ಕಾರಣ ಬರೆದು ದಾಟಲಿ. ಅದಕ್ಕೆ ಅವರು ಒಪ್ಪದಿದ್ದರೆ 'ಜವಾಬ್ದಾರಿ ನನ್ನದು' ಎಂಬ ಮಾತಿಗೆ ತೂಕವಿಲ್ಲ ಎಂದಾಯಿತು.

ರಕ್ಷಣೆಯ ವಿಷಯಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣ ನೋಡಿ. ಸ್ಟಿಯರಿಂಗ್ ತಿರುಗುತ್ತಿದೆಯೇ, ವೇಗವೆಷ್ಟು, ಎಂಜಿನ್ ಎಷ್ಟು ಹೊತ್ತು ಓಡಿದೆ, ವಾತಾವರಣದ ಒತ್ತಡವೆಷ್ಟು ಎಂಬುದರಿಂದ ಕಾರು ಪ್ರಯೋಗಾಲಯದ ಪರೀಕ್ಷೆಯಲ್ಲಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆ ಶುದ್ಧೀಕರಣವನ್ನು ಪೂರ್ತಿ ನಡೆಸುವ ಕೋಡ್ ಅದು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸ್ ಕೊಟ್ಟಿತು. 2017ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಲಯ ಕಂಪನಿಯ ಒಬ್ಬ ಎಂಜಿನಿಯರ್‌ಗೆ 40 ತಿಂಗಳ ಜೈಲು, 2 ಲಕ್ಷ ಡಾಲರ್ ದಂಡ ವಿಧಿಸಿತು. ಅವರು ತಪ್ಪೊಪ್ಪಿಕೊಂಡು ತನಿಖೆಗೆ ಸಹಕರಿಸಿದ್ದರು, ಆದರೂ. ಅದು ಬೇಕೆಂದೇ ಮಾಡಿದ ಮೋಸ, ನಿಮ್ಮದು ದೋಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಗೊತ್ತಿದ್ದೂ ಸಿವಿಯಾರಿಟಿ ಇಳಿಸಿದ ಕ್ಷಣದಿಂದ ನಿಮ್ಮದು ಬರೀ ದೋಷವಾಗಿ ಉಳಿಯುವುದಿಲ್ಲ, ದಾಖಲೆ ತಿರುಚಿದ ಪ್ರಕರಣವಾಗುತ್ತದೆ.

ವೃತ್ತಿಯ ಸಂಹಿತೆಯೂ ಇದೇ ಹೇಳುತ್ತದೆ. ಕಂಪ್ಯೂಟರ್ ವೃತ್ತಿಪರರ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಒಪ್ಪಿದ ಸಾಫ್ಟ್‌ವೇರ್ ಎಂಜಿನಿಯರಿಂಗ್ ನೀತಿಸಂಹಿತೆಯಲ್ಲಿ ಎಂಟು ತತ್ವಗಳಿವೆ. ಮೊದಲನೆಯದು ಸಾರ್ವಜನಿಕರು, ಎರಡನೆಯದು ಗ್ರಾಹಕರು ಮತ್ತು ಉದ್ಯೋಗದಾತರು, ಅದೂ ಸಾರ್ವಜನಿಕ ಹಿತಕ್ಕೆ ಹೊಂದುವಷ್ಟು ಮಟ್ಟಿಗೆ. ಸುರಕ್ಷಿತ ಎಂದು ಆಧಾರಸಹಿತ ನಂಬಿಕೆ ಇದ್ದರೆ ಮಾತ್ರ ಒಪ್ಪಿಗೆ ಕೊಡಬೇಕು ಎಂಬ ಷರತ್ತು ಮೊದಲ ತತ್ವದಡಿಯೇ ಇದೆ. ಮ್ಯಾನೇಜರ್‌ಗಳಿಗೂ ಅದರಲ್ಲಿ ಒಂದು ಕಟ್ಟಳೆ: ನೀತಿಯ ಬಗ್ಗೆ ಆತಂಕ ವ್ಯಕ್ತಪಡಿಸಿದವರನ್ನು ಶಿಕ್ಷಿಸಬಾರದು. ಸಂಹಿತೆಗೆ ಕಾನೂನಿನ ಬಲವಿಲ್ಲ, ನಿಜ. ಆದರೆ ಮ್ಯಾನೇಜರ್‌ಗೆ ಬರೆಯುವ ಮೇಲ್‌ನಲ್ಲಿ ಅದರ ಸಾಲು ಉಲ್ಲೇಖಿಸಿದರೆ ಇದು ನಿಮ್ಮ ವೈಯಕ್ತಿಕ ಹಠವಲ್ಲ, ವೃತ್ತಿಯ ಮಾತು ಎಂದು ಗೊತ್ತಾಗುತ್ತದೆ.

ಮೇಲಕ್ಕೆ ಒಯ್ಯುವ ಕ್ರಮ: ನೇರ ಮ್ಯಾನೇಜರ್‌ಗೆ ಲಿಖಿತವಾಗಿ, ಉತ್ತರಕ್ಕೆ ದಿನಾಂಕ ಹಾಕಿ. ಬಗೆಹರಿಯದಿದ್ದರೆ ಅವರಿಗೆ ತಿಳಿಸಿಯೇ ಅವರ ಮೇಲಿನವರಿಗೆ, ಗುಣಮಟ್ಟ ಅಥವಾ ಸುರಕ್ಷತೆಯ ವಿಭಾಗಕ್ಕೆ. ಒಬ್ಬರೇ ಹೋಗುವುದಕ್ಕಿಂತ ಕೋಡ್ ರಿವ್ಯೂ ಮಾಡಿದವರು, ಪರೀಕ್ಷಿಸಿದವರು ಇಬ್ಬರು ಮೂವರು ಒಟ್ಟಿಗೆ ಸಹಿ ಮಾಡಿದ ಟಿಪ್ಪಣಿಗೆ ಬೆಲೆ ಹೆಚ್ಚು. ಒಳಗಿನ ದಾರಿಗಳೆಲ್ಲ ಮುಚ್ಚಿದವು, ಅಥವಾ ಹಾನಿ ಆಗುವುದು ಇಂದೋ ನಾಳೆಯೋ ಎಂಬಷ್ಟು ಹತ್ತಿರವಿದೆ ಎಂದಾದಾಗ ನಿಯಂತ್ರಕ ಸಂಸ್ಥೆಗೆ. ಸುದ್ದಿಮನೆಗೋ ಸಾಮಾಜಿಕ ಜಾಲತಾಣಕ್ಕೋ ಮೊದಲು ಹೋಗಬೇಡಿ. ಅಲ್ಲಿ ತನಿಖೆಯ ಅಧಿಕಾರವಿಲ್ಲ, ದೂರುದಾರರಿಗಿರುವ ಕಾನೂನಿನ ರಕ್ಷಣೆ ಅನೇಕ ಕಡೆ ಆ ದಾರಿಗೆ ಸಿಗುವುದೂ ಇಲ್ಲ. ಹೊರಗೆ ಹೋಗುವ ಮೊದಲು ವಕೀಲರನ್ನು ಕಾಣಿ.

ಇಟ್ಟುಕೊಳ್ಳುವ ದಾಖಲೆಯ ಬಗ್ಗೆ ಎಚ್ಚರ. ಯಾವ ದಿನ, ಯಾರಿಗೆ, ಏನು ಹೇಳಿದಿರಿ, ಏನು ಉತ್ತರ ಬಂತು ಎಂಬುದನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆದಿಡಿ, ಟಿಕೆಟ್ ಸಂಖ್ಯೆ ಸೇರಿಸಿ. ಕಂಪನಿಯ ಕೋಡ್, ರೋಗಿಗಳ ಡೇಟಾ, ಒಳಗಿನ ಮೇಲ್‌ಗಳನ್ನು ವೈಯಕ್ತಿಕ ಇಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿಕೊಳ್ಳಬೇಡಿ. ಹಾಗೆ ಮಾಡಿದರೆ ಮುಂದಿನ ಚರ್ಚೆ ದೋಷದ ಬಗ್ಗೆ ನಡೆಯುವುದಿಲ್ಲ, ನಿಮ್ಮ ಕಳ್ಳತನದ ಬಗ್ಗೆ ನಡೆಯುತ್ತದೆ.

ಸಾಲುದೀಪ

ದೋಷ ಮರುಸೃಷ್ಟಿಸಲು ಪ್ರೊಡಕ್ಷನ್ ಡೇಟಾವನ್ನು (ನಿಜವಾದ ರೋಗಿಗಳ ಮಾಹಿತಿಯನ್ನು) ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವವರು ಇದ್ದಾರೆ, ಆದ್ದರಿಂದ ಚಿಕ್ಕದೊಂದು ಸೇರ್ಪಡೆ. ಈ ದೋಷಕ್ಕೆ ಬೇಕಾದದ್ದು ಎರಡು ಐಡಿ, ಎರಡು ತೂಕ, ಕರೆಗಳ ಸಮಯ. ಎಲ್ಲವನ್ನೂ ಕೃತಕವಾಗಿ ಹುಟ್ಟಿಸಬಹುದು. 'ಹೆಸರು ಅಳಿಸಿದ್ದೇವೆ' ಎಂಬುದು ಸಮಾಧಾನವಲ್ಲ: ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಜನ್ಮದಿನಾಂಕ, ಲಿಂಗ ಈ ಮೂರರಿಂದಲೇ ಅಮೆರಿಕದ ಶೇ. 87 ಜನರನ್ನು ಬೇರ್ಪಡಿಸಿ ಗುರುತಿಸಬಹುದು ಎಂದು ಗಣಕ ವಿಜ್ಞಾನಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಗಳಿಂದ ತೋರಿಸಿದ್ದಾರೆ. ಒಬ್ಬ ರೋಗಿಯನ್ನು ಕಾಪಾಡಲು ಹೋಗಿ ಸಾವಿರ ರೋಗಿಗಳ ಗುಟ್ಟು ಬಯಲು ಮಾಡಬಾರದು.

ಪರೀಕ್ಷಕಿ

ಕಪ್ಪುಮಸಿಯವರು ದಾಖಲೆ ತಿರುಚುವುದರ ಬಗ್ಗೆ ಹೇಳಿದ್ದಕ್ಕೆ ಜೋಡಿಸಬೇಕಾದ ಪ್ರಕರಣ ಬ್ರಿಟನ್ನಿನ ಹೊರೈಜನ್. ಅಂಚೆ ಕಚೇರಿಗಳ ಲೆಕ್ಕದ ತಂತ್ರಾಂಶ, 1999ರಿಂದ ಬಳಕೆಗೆ ಬಂತು. ಅದು ತೋರಿಸಿದ ಕೊರತೆಯನ್ನೇ ಸಾಕ್ಷಿಯಾಗಿ ಹಿಡಿದು ಕಳ್ಳತನ, ಸುಳ್ಳು ಲೆಕ್ಕ ಎಂದು ಅಂಚೆ ಶಾಖೆ ನಡೆಸುತ್ತಿದ್ದವರು ಸೇರಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಕಳೆದುಕೊಂಡವರಿದ್ದಾರೆ, ಪ್ರಾಣ ತೆಗೆದುಕೊಂಡವರಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್, ತಂತ್ರಾಂಶದ ದೋಷಗಳಿಂದಲೇ ಅಂಥ ಕೊರತೆ ಕಾಣಿಸಿಕೊಳ್ಳಬಹುದಿತ್ತು ಎಂದಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆ ರದ್ದುಮಾಡಿತು. ಉಳಿದವರಿಗಾಗಿ 2024ರಲ್ಲಿ ಕಾನೂನನ್ನೇ ತರಬೇಕಾಯಿತು.

ಎಂಜಿನಿಯರ್‌ಗಳಾಗಿ ನಾವು ಗಮನಿಸಬೇಕಾದದ್ದು ಎರಡು. ತಿಳಿದ ದೋಷಗಳ ಪಟ್ಟಿ ತಂತ್ರಾಂಶ ಕಂಪನಿಯಲ್ಲಿ ಇತ್ತು. ಆರೋಪ ಹೊತ್ತವರಿಗೆ ಅದು ಸಿಗಲಿಲ್ಲ. ಮತ್ತು ಶಾಖೆಯ ಲೆಕ್ಕವನ್ನು ದೂರದಿಂದ, ಶಾಖೆಯವರಿಗೆ ತಿಳಿಯದಂತೆ, ಸಹಾಯ ವಿಭಾಗದವರು ಬದಲಿಸಬಹುದಿತ್ತು. ಹಾಗೆ ಬದಲಿಸಲು ಸಾಧ್ಯವೇ ಇಲ್ಲ ಎಂದು ವರ್ಷಗಟ್ಟಲೆ ಹೇಳಲಾಯಿತು.

ಹಾಗಾಗಿ ನೀಲಿಪರದೆಯವರ ತಂತ್ರಾಂಶದಲ್ಲಿ ಬೇಕಾದದ್ದು: ಸಹಾಯ ವಿಭಾಗದವರು ಡೇಟಾ ಮುಟ್ಟಿದರೆ ಹಂಚಿಕೊಂಡ ಅಡ್ಮಿನ್ ಖಾತೆಯಿಂದಲ್ಲ, ಸ್ವಂತ ಹೆಸರಿನ ಖಾತೆಯಿಂದ ಮುಟ್ಟಬೇಕು. ಹಳೆಯ ಮೌಲ್ಯ, ಹೊಸ ಮೌಲ್ಯ, ಸಮಯ, ಕಾರಣ ಎಲ್ಲವೂ ದಾಖಲಾಗಬೇಕು, ಅದೂ ಸೇರಿಸಲು ಮಾತ್ರ ಬರುವ, ಅಳಿಸಲು ಬಾರದ ಲಾಗ್‌ಗೆ, ಮತ್ತು ಆ ಬದಲಾವಣೆ ವಾರ್ಡಿನ ಪರದೆಯಲ್ಲೂ ಕಾಣಬೇಕು. ತಿಳಿದ ದೋಷಗಳ ಪಟ್ಟಿ ಗ್ರಾಹಕರಿಗೆ ಸಿಗಬೇಕು. ನರ್ಸ್ ಮೇಲೆ ವಿಚಾರಣೆ ನಡೆದ ದಿನ 'ತಂತ್ರಾಂಶ ಹೀಗೆ ತಪ್ಪುತ್ತಿತ್ತು' ಎಂದು ಹೇಳಲು ಅವರ ಕೈಯಲ್ಲಿ ಏನಾದರೂ ಇರಬೇಕಲ್ಲ.

ಬಿಡುಗಡೆಕಾವಲು

'ಮೇಲಿನವರು ಒಪ್ಪದಿದ್ದರೆ ಹೊಣೆ ಮುಗಿಯಿತೇ' ಎಂಬ ಮೂಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ. ಮುಗಿಯುವುದಿಲ್ಲ, ಆದರೆ ಅದರ ರೂಪ ಬದಲಾಗುತ್ತದೆ. ನಿಮ್ಮ ಆಕ್ಷೇಪ ದಾಖಲಾಗಿದೆ, ಬೇರೆಯವರು ತಮ್ಮ ಹೆಸರಿನಲ್ಲಿ ವಿನಾಯಿತಿ ಕೊಟ್ಟು ಬಿಟ್ಟರು ಎಂದುಕೊಳ್ಳಿ. ಹೊರಗೆ ದೂರು ಕೊಡುವ ಪ್ರಶ್ನೆ ಒಂದು ಕಡೆ ಇರಲಿ, ಅದರ ಜೊತೆಗೇ ಅದೇ ಬಿಲ್ಡ್‌ನಲ್ಲಿ ಒಂದು ಚಿಕ್ಕ ಬದಲಾವಣೆಗೆ ಪಟ್ಟು ಹಿಡಿಯಿರಿ. ಪ್ರಮಾಣ ತೋರಿಸಿದ ಪ್ರತಿ ಸಲವೂ ಒಂದು ಸಾಲು ಲಾಗ್: ತಂತ್ರಾಂಶದ ಆವೃತ್ತಿ, ತೆರೆದಿರುವ ಪುಟದ ರೋಗಿಯ ಐಡಿ, ಆ ತೂಕ ಯಾವ ರೋಗಿಯ ಐಡಿಗೆ ಬಂದದ್ದು, ಕರೆಯ ಕ್ರಮಸಂಖ್ಯೆ, ತೋರಿಸಿದ ಪ್ರಮಾಣ, ಸಮಯ. ಸಮಯ ಎಲ್ಲ ಮೆಷಿನ್‌ಗಳಲ್ಲೂ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲೇ) ಇರಲಿ, ಇಲ್ಲವಾದರೆ ಎರಡು ಕರೆಗಳ ಹಿಂದುಮುಂದು ತಿಳಿಯುವುದಿಲ್ಲ.

ಎರಡು ಐಡಿ ಬೇರೆಬೇರೆಯಾದ ಸಾಲು ಬಂದ ತಕ್ಷಣ ತುರ್ತು ಪಾಳಿಯಲ್ಲಿ, ಅಂದರೆ ಆನ್-ಕಾಲ್‌ನಲ್ಲಿರುವವರಿಗೆ ಅಲರ್ಟ್ ಹೋಗಬೇಕು, ಅವರಿಗೆ ಮ್ಯಾನೇಜರ್ ಒಪ್ಪಿಗೆ ಕಾಯದೆ ಫೀಚರ್ ಆಫ್ ಮಾಡುವ ಅಧಿಕಾರ ಮೊದಲೇ ಬರೆದುಕೊಟ್ಟಿರಬೇಕು. ಆಫ್ ಮಾಡುವುದನ್ನು ರಿಲೀಸ್‌ಗೆ ಮುಂಚೆ ಒಮ್ಮೆ ನಿಜವಾಗಿ ಮಾಡಿ ನೋಡಿ. ಫ್ಲ್ಯಾಗ್ ಬದಲಿಸಿದರೂ ವಾರ್ಡಿನ ಟ್ಯಾಬ್ಲೆಟ್ ಹಳೆಯ ಪುಟವನ್ನೇ ತನ್ನಲ್ಲಿ ಉಳಿದ ಪ್ರತಿಯಿಂದ, ಅಂದರೆ ಕ್ಯಾಶ್‌ನಿಂದ ತೋರಿಸುತ್ತಿರಬಹುದು. ಆನಂತರ ಅಂಥ ಸಾಲುಗಳನ್ನೆಲ್ಲ ತೆಗೆದು, ಯಾವ ರೋಗಿ, ಯಾವ ಔಷಧ, ಎಷ್ಟು ತೋರಿಸಿತು, ಎಷ್ಟು ತೋರಿಸಬೇಕಿತ್ತು ಎಂಬ ಪಟ್ಟಿಯನ್ನು ಅದೇ ದಿನ ಆಸ್ಪತ್ರೆಯ ವೈದ್ಯರ ಕೈಗೆ ಕೊಡಬೇಕು.